ಕಾರಣ ಏನಮ್ಮಾ ಅಂದ್ರೆ ಏನಂತ ಹೇಳೋದು

ನಮ್ಮ ಆಫೀಸಲ್ಲಿ ಒಬ್ಳಿಗೆ ಬ್ರೇಕಪ್ ಆಗಿತ್ತು. ಕಾಲೇಜಿಂದ ಇದ್ದ ಲವ್ವು, ಹುಡುಗ ಮನೆಯವ್ರ ಮಾತು ಕೇಳ್ಕೊಂಡು ಬೇರೆ ಕಡೆ ಮದುವೆಗೆ ಒಪ್ಕೊಂಡ. ಅವ್ಳು ಡೆಸ್ಕಲ್ಲೇ ಕೂತು ಅಳ್ತಿದ್ರೆ ಟೀಮಿನವ್ರೆಲ್ಲ ಸುತ್ತ ನಿಂತು ಸಮಾಧಾನ ಮಾಡಿದ್ರು, ಮ್ಯಾನೇಜರ್ರೇ ಮನೆಗ್ ಹೋಗಮ್ಮ ಅಂತ ಕಳ್ಸಿದ್ರು, ಯಾರೋ ಅವಳ ಪಿಜಿಗೆ ಬಿರಿಯಾನಿ ತರಿಸಿಕೊಟ್ರು. ಅದನ್ನೆಲ್ಲ ನೋಡಿ ನಂಗೆ ಆಗಿದ್ದು ಹೊಟ್ಟೆಕಿಚ್ಚು. ಬಿರಿಯಾನಿಗಲ್ಲ. ಅವ್ಳಿಗೆ ಒಂದು ಕಾರಣ ಇತ್ತಲ್ಲ, ಅದಕ್ಕೆ.

ನಂಗೆ ಏನೂ ಇರ್ಲಿಲ್ಲ. ತಿಪಟೂರು ಕಡೆ ಹಳ್ಳಿ ನಮ್ದು, ತೆಂಗಿನ ತೋಟ ಇದೆ, ಅಪ್ಪ ಕುಡಿಯೋರಲ್ಲ, ಮನೇಲಿ ಸಾಲಸೋಲ ಅಂತ ಹೇಳ್ಕೊಳ್ಳುವಷ್ಟಿಲ್ಲ. ಬಿಕಾಂ ಮುಗಿಸ್ದೆ, ಬೆಂಗಳೂರಲ್ಲಿ ಪೇರೋಲ್ ಕೆಲ್ಸ ಸಿಕ್ತು, ಪಿಜಿ ಊಟ ಕೂಡ ತಿನ್ನೋ ಹಾಗೇ ಇತ್ತು. ಲವ್ವು ಇಲ್ಲ, ಲವ್ ಫೇಲ್ಯೂರೂ ಇಲ್ಲ. ಇಷ್ಟೆಲ್ಲ ಸರಿ ಇದ್ದೂ ಬೆಳಗಿನ ಜಾವ ನಾಲ್ಕು ಗಂಟೆ ಹೊತ್ತಿಗೆ ತಾನಾಗೇ ಎಚ್ಚರ ಆಗೋದು, ಎದೆ ಡವಡವ, ಹೊಟ್ಟೇಲಿ ಪಿಯುಸಿ ರಿಸಲ್ಟ್ ದಿನ ಆಗುತ್ತಲ್ಲ ಆ ಥರ ಸಂಕಟ, ಆದ್ರೆ ನಾನು ಬರೆದ ಪರೀಕ್ಷೆ ಯಾವ್ದೂ ಇಲ್ಲ, ಬರೋ ರಿಸಲ್ಟೂ ಇಲ್ಲ. ಹಾಗೇ ಫ್ಯಾನ್ ನೋಡ್ಕೊಂಡು ಬಿದ್ದಿರೋದು, ಬೆಳಕಾದ್ಮೇಲೆ ಎದ್ದು ಸ್ನಾನಕ್ಕೆ ಹೋಗೋದೇ ಒಂದು ದೊಡ್ಡ ಕೆಲ್ಸ ಅನ್ಸೋದು, ತಲೆಗೂದಲು ತೊಳೆಯೋದಂತೂ ಮುಂದಕ್ಕೆ ಹಾಕ್ತಾ ಹಾಕ್ತಾ ಹೋಗೋದು. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡಿರ್ತಿದ್ದೆ ಆದ್ರೆ ಹಾಡು ಹಾಕ್ತಿರ್ಲಿಲ್ಲ, ಯಾರೂ ಮಾತಾಡಿಸ್ಬಾರ್ದು ಅಂತ ಅಷ್ಟೇ.

ಇದ್ರಲ್ಲಿ ನಂಗೆ ಜಾಸ್ತಿ ತಲೆ ಕೆಡಿಸಿದ್ದು ಯಾವ್ದು ಅಂದ್ರೆ ಸಂಜೆ ಹೊತ್ತು. ಸಂಜೆ ಆರೂವರೆ ಏಳು ಆದ್ಮೇಲೆ ಸುಮಾರಾಗಿ ಸರಿ ಹೋಗ್ತಿದ್ದೆ. ರೂಮ್‌ಮೇಟ್ ಜೊತೆ ಪಾನಿಪುರಿ ತಿಂತಿದ್ದೆ, ನಗ್ತಿದ್ದೆ ಕೂಡ. ಆಮೇಲೆ ರಾತ್ರಿ ಮಲ್ಕೊಂಡಾಗ ಅನ್ಸೋದು, ಅಲ್ಲಾ, ಸಂಜೆ ಚೆನ್ನಾಗೇ ಇದ್ದೆ, ಹಂಗಾದ್ರೆ ಬೆಳಗ್ಗೆದ್ದೆಲ್ಲ ನಾಟ್ಕಾನಾ, ಸೋಮಾರಿತನಾನಾ ಅಂತ. ಬೆಳಗ್ಗೆ ಭಾರ ಜಾಸ್ತಿ ಇದ್ದು ದಿನ ಕಳೀತಾ ಹಗುರ ಆಗೋದು, ಬೇಗ ಎಚ್ಚರ ಆಗಿಬಿಡೋದು, ಇವೆರಡೂ ಡಿಪ್ರೆಶನ್ನಲ್ಲಿ ಡಾಕ್ಟ್ರುಗಳು ದಿನಾ ಕೇಳೋ ಮಾತು ಅಂತ ಆಗ ಯಾರಾದ್ರೂ ಹೇಳಿದ್ದಿದ್ರೆ ಎಷ್ಟೋ ರಾತ್ರಿ ಆ ವಿಚಾರಣೆ ತಪ್ತಿತ್ತು.

ಮೊದ್ಲು ಹೋಗಿದ್ದು ಏರಿಯಾದ ಕ್ಲಿನಿಕ್ಕಿಗೆ. ಎದೆ ಡವಡವ ಅಂದ್ರೆ ಇನ್ನೆಲ್ಲಿಗೆ ಹೋಗ್ತೀವಿ. ಅಲ್ಲಿನ ಡಾಕ್ಟ್ರು ಮುಖ ಎತ್ತಿ ನೋಡೋಕೆ ಮುಂಚೆನೇ ಗ್ಯಾಸ್ಟ್ರಿಕ್ ಅಂದ್ರು. ನಮ್ಮ ಕಡೆ ಗ್ಯಾಸ್ಟ್ರಿಕ್ಕು ಅಂದ್ರೆ ಅದಕ್ಕೆ ಮೇರೆನೇ ಇಲ್ಲ ಬಿಡಿ, ತಲೆನೋವಿಂದ ಹಿಡ್ದು ಬೆನ್ನುನೋವಿನ ತನಕ ಎಲ್ಲಾನೂ ಅದೇ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಬರೆದ್ರು, ಒಂದಷ್ಟು ವಾರ ನುಂಗಿದೆ, ಸಂಕಟ ಹಾಗೇ ಇತ್ತು. ಆಮೇಲೆ ಇನ್ನೊಬ್ರ ಹತ್ರ ಹೋದೆ, ಅವ್ರು ಇಸಿಜಿ ಮಾಡಿಸಿದ್ರು, ನಾರ್ಮಲ್. ಥೈರಾಯ್ಡ್, ವಿಟಮಿನ್ ಬಿ12, ಹಿಮೋಗ್ಲೋಬಿನ್ ಎಲ್ಲಾ ಬರೆದುಕೊಟ್ರು. ಈ ಟೆಸ್ಟ್ ಮಾಡಿಸಿದ್ದು ಸರಿಯಾದ ಕೆಲ್ಸನೇ, ಯಾಕಂದ್ರೆ ಥೈರಾಯ್ಡ್ ಕಮ್ಮಿ ಆದ್ರೂ ಹೀಗೇ ಮಂಕು ಹಿಡಿದ ಹಾಗಾಗುತ್ತೆ, ಜಾಸ್ತಿ ಆದ್ರೆ ಎದೆ ಹೊಡ್ಕೊಳ್ಳುತ್ತೆ, ಬಿ12 ಕಮ್ಮಿ ಇದ್ರೂ ರಕ್ತ ಕಮ್ಮಿ ಇದ್ರೂ ಸುಸ್ತು ಬೇಜಾರು ಎರಡೂ ಇರುತ್ತೆ. ಇದನ್ನ ನೋಡದೇನೇ ಸೀದಾ ಮನಸ್ಸಿನ ಕಾಯಿಲೆ ಅಂತ ಹೇಳೋದು ತಪ್ಪು.

ನಾನು ಮಾತ್ರ ಲ್ಯಾಬಲ್ಲಿ ರಕ್ತ ಕೊಟ್ಟು ಬಂದು ಥೈರಾಯ್ಡ್ ಇರ್ಲಪ್ಪಾ ದೇವ್ರೇ ಅಂತ ಬೇಡ್ಕೊಂಡಿದ್ದೀನಿ. ನಿಜವಾಗ್ಲೂ. ನಮ್ಮ ಅಕ್ಕಂಗೆ ಥೈರಾಯ್ಡ್ ಇದೆ, ಬೆಳಗ್ಗೆ ಎದ್ದು ಒಂದು ಮಾತ್ರೆ ತಗೋತಾಳೆ, ಎಲ್ಲರ ಮುಂದೆ ನಂಗೆ ಥೈರಾಯ್ಡ್ ಕಣ್ರೀ ಅಂತ ಹೇಳ್ಕೋತಾಳೆ, ಯಾರೂ ಏನೂ ಅನ್ನಲ್ಲ. ನಂಗೂ ಅದೇ ಬೇಕಿತ್ತು. ರಿಪೋರ್ಟ್ ಬಂತು, ಟಿಎಸ್‌ಎಚ್ ನಾರ್ಮಲ್, ಬಿ12 ನಾರ್ಮಲ್, ಎಲ್ಲಾ ನಾರ್ಮಲ್. ಲ್ಯಾಬಿನ ಹುಡ್ಗ ಏನೂ ಇಲ್ಲ ಮೇಡಂ ಆರಾಮಾಗಿದೀರಾ ಅಂತ ನಗ್ತಾ ಕೊಟ್ಟ. ನಾನು ಆ ಲಕೋಟೆ ಹಿಡ್ಕೊಂಡು ಮೆಟ್ಟಿಲ ಮೇಲೇ ಅತ್ತೆ.

ಊರಿಗೆ ಹೋದಾಗ ಅಮ್ಮಂಗೆ ಗೊತ್ತಾಗೋಯ್ತು. ಗೊತ್ತಾಗ್ದೇ ಇರುತ್ತಾ, ರಾಗಿಮುದ್ದೆ ಬಸ್ಸಾರು ಅಂದ್ರೆ ಎರಡು ಸಲ ಬಡಿಸ್ಕೊಳ್ಳೋಳು ತಟ್ಟೆ ಮುಂದೆ ಸುಮ್ನೆ ಕೂತಿದ್ರೆ. ಏನಾಯ್ತು ಅಂದ್ಲು. ಏನಿಲ್ಲ ಅಂದೆ. ಮತ್ಯಾಕ್ ಹಿಂಗಿದೀಯ ಅಂದ್ಲು. ಗೊತ್ತಿಲ್ಲ ಅಂದೆ. ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ, ಯಾವ್ದಾದ್ರೂ ಹುಡ್ಗನ್ನ ಇಷ್ಟಪಟ್ಟಿದೀಯಾ, ಹೇಳು ನಾನು ಬೈಯಲ್ಲ, ಅಪ್ಪಂಗೂ ಹೇಳಲ್ಲ ಅಂತ ಗುಟ್ಟಾಗಿ ಕೇಳಿದ್ಲು ಪಾಪ. ಇಲ್ಲಮ್ಮ ಅಂದ್ರೆ ನಂಬೋಕೇ ಆಗ್ಲಿಲ್ಲ ಅವ್ಳಿಗೆ. ಕೊನೆಗೆ ಅವ್ಳೇ ಒಂದು ಕಾರಣ ಹುಡುಕಿದ್ಲು, ಹೊಸ ಬಟ್ಟೆ ಹಾಕ್ಕೊಂಡು ನಾಮಕರಣಕ್ಕೆ ಹೋಗಿದ್ಯಲ್ಲ ಅಲ್ಲಿ ಯಾರದೋ ಕಣ್ಣು ಬಿದ್ದಿದೆ ಅಂತ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ಲು. ಜೋಯಿಸರ ಹತ್ರ ಜಾತಕ ತೋರಿಸಿದ್ರೆ ಅವ್ರು ಸಾಡೇಸಾತಿ ಅಂದ್ರು, ಶನಿವಾರ ಎಳ್ಳೆಣ್ಣೆ ದೀಪ ಹಚ್ಚು ಅಂದ್ರು. ದೊಡ್ಡಮ್ಮ ಒಂದೇ ಮಾತು, ಇಪ್ಪತ್ನಾಲ್ಕಾಯ್ತಲ್ಲ, ಮದುವೆ ಮಾಡಿ ಎಲ್ಲಾ ಸರಿಹೋಗುತ್ತೆ. ಅಪ್ಪ ಏನೂ ಅನ್ಲಿಲ್ಲ, ರಾತ್ರಿ ಜಗಲಿ ಮೇಲೆ ಕೂತಿದ್ದಾಗ ಕಷ್ಟ ಆದ್ರೆ ಕೆಲ್ಸ ಬಿಟ್ಟು ಬಂದ್ಬಿಡು ಮಗಾ ಅಂದ್ರು ಅಷ್ಟೇ.

ಇದನ್ನ ಓದಿ ನೀವು ಮೂಢನಂಬಿಕೆ ಅಂತ ನಗ್ಬೋದು. ನಂಗೆ ನಗು ಬರಲ್ಲ. ದೃಷ್ಟಿ ತೆಗೆದಾಗ ಮೆಣಸಿನಕಾಯಿ ಘಾಟು ಬರ್ದೇ ಇದ್ದಿದ್ದಕ್ಕೆ ಅಮ್ಮ ನೋಡು ಎಷ್ಟು ದೃಷ್ಟಿ ಆಗಿತ್ತು ಅಂತ ಅಂದಾಗ ನಂಗೆ ಅರ್ಧ ದಿನ ಸಮಾಧಾನ ಆಗಿದ್ದು ನಿಜ. ಡಾಕ್ಟ್ರುಗಳೆಲ್ಲ ಏನೂ ಇಲ್ಲ ಅಂದಿದ್ರು, ಇವ್ಳೊಬ್ಳು ಹೌದು ಏನೋ ಇದೆ ಅಂತ ಒಪ್ಕೊಂಡಿದ್ಲು.

ನನ್ನ ರೂಮ್‌ಮೇಟ್ ವಿಜಯಪುರದೋಳು. ಅವ್ಳ ಬಗ್ಗೆ ಹೇಳ್ಲೇಬೇಕು. ಒಂದಿನ ನಾನು ಆಫೀಸಿಗೆ ಹೋಗ್ದೇ ಗೋಡೆ ಕಡೆ ತಿರುಗಿ ಮಲ್ಕೊಂಡಿದ್ದೆ. ಬಂದು ಪಕ್ಕದಲ್ಲಿ ಕೂತು, "ಯಾಕ, ಏನಾಗೇತಿ ಅಂತ ನಾ ಏನ್ ಕೇಳಂಗಿಲ್ಲ, ಉಂಡಿ ಇಲ್ಲೋ ಅಷ್ಟ ಹೇಳು" ಅಂದ್ಲು. ಇಲ್ಲ ಅಂದೆ. ಊರಿಂದ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸ್ರು ಹಾಕಿ ತಂದು ಮುಂದಿಟ್ಲು. ತಿಂದೆ. ಅಷ್ಟು ದಿನದಲ್ಲಿ ಯಾಕೆ ಅಂತ ಕೇಳ್ದೇ ಇದ್ದ ಮೊದಲ ಮನುಷ್ಯಳು ಅವ್ಳು. ಆ ಪ್ರಶ್ನೆಗೆ ಉತ್ತರ ಇಲ್ಲ ಅಂತ ಗೊತ್ತಿದ್ದಿದ್ದಕ್ಕೇ ನಾನು ಯಾರ ಹತ್ರಾನೂ ಬಾಯಿ ಬಿಡ್ತಿರ್ಲಿಲ್ಲ, ಸಹಾಯ ಕೇಳೋಕೆ ಮೊದ್ಲು ಒಂದು ಗಟ್ಟಿ ಕಾರಣ ರೆಡಿ ಇಟ್ಕೋಬೇಕು, ಇಲ್ದಿದ್ರೆ ಕೇಳೋ ಹಕ್ಕಿಲ್ಲ ಅಂತ ನನ್ನ ತಲೇಲಿತ್ತು.

ಅದೇ ಟೈಮಲ್ಲಿ ದೀಪಿಕಾ ಪಡುಕೋಣೆ ತನ್ನ ಡಿಪ್ರೆಶನ್ ಬಗ್ಗೆ ಮಾತಾಡಿದ್ದ ಹಳೇ ವಿಡಿಯೋ ಒಂದು ಮೊಬೈಲಲ್ಲಿ ಬಂತು. ಅವ್ರು ಇದನ್ನ ಬಹಿರಂಗವಾಗಿ ಹೇಳಿದ್ದು 2015ರಲ್ಲಿ, ನಾನಾಗ ಸ್ಕೂಲು, ಸ್ಟಾರುಗಳಿಗೆಲ್ಲಾ ಇವೆಲ್ಲ ಇರುತ್ತೆ ಅನ್ಕೊಂಡಿದ್ದೆ. ಈ ಸಲ ನೋಡಿದ್ರೆ ಬೇರೇನೇ ಕೇಳಿಸ್ತು. ಬೆಂಗಳೂರಲ್ಲಿ ಬೆಳೆದ ಹುಡ್ಗಿ, ಕೆರಿಯರ್ರು ಎತ್ತರದಲ್ಲಿದ್ದಾಗ 2014ರಲ್ಲಿ ಇದು ಶುರುವಾಯ್ತು, ಅವ್ರ ಅಮ್ಮ ನೋಡೋಕೆ ಬಂದು ವಾಪಸ್ ಹೊರಟಾಗ ಅತ್ತುಬಿಟ್ರು, ಅಮ್ಮ ಕೆಲ್ಸದ್ದಾ, ಬಾಯ್‌ಫ್ರೆಂಡಾ ಅಂತ ಕೇಳಿದ್ರೆ ಇವ್ರ ಹತ್ರ ಹೇಳೋಕೆ ಉತ್ತರ ಇರ್ಲಿಲ್ಲ. ಆ ಅಮ್ಮಂಗೆ ಉತ್ತರ ಇಲ್ಲದ್ದೇ ಸುಳಿವಾಯ್ತು, ಇದಕ್ಕೆ ತಜ್ಞರ ಸಹಾಯ ಬೇಕು ಅಂದ್ರು. ನಾನು ಆ ಜಾಗ ಮಾತ್ರ ಹಿಂದೆ ಮುಂದೆ ಮಾಡಿ ಎಷ್ಟು ಸಲ ನೋಡಿದ್ನೋ. ಹೊಟ್ಟೇಲಿ ಏನೋ ಖಾಲಿ ಖಾಲಿ ಅನ್ನೋ ಥರ ಅವ್ರು ಹೇಳ್ತಾರಲ್ಲ, ನಾನು ಡಾಕ್ಟ್ರಿಗೆ ಹೇಳಕ್ಕೆ ಹೋಗಿ ಗ್ಯಾಸ್ಟ್ರಿಕ್ ಮಾತ್ರೆ ತಗೊಂಡು ಬಂದಿದ್ದು ಅದೇ.

ಫೋನ್ ಮಾಡಿದ್ದು 14416ಕ್ಕೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರು ಮಾಡಿದ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ಬೋದು. ಪಿಜಿ ಟೆರೇಸಲ್ಲಿ ಬಟ್ಟೆ ಒಣಗ್ಹಾಕೋ ಹಗ್ಗದ ಕೆಳಗೆ ನಿಂತು ಮಾಡ್ದೆ. ಆ ಕಡೆ ಒಬ್ಬ ಮೇಡಂ ನಮಸ್ಕಾರ ಹೇಳಿ ಅಂದ ತಕ್ಷಣ ನಾನು, ಮೇಡಂ ನಂಗೇನೂ ಪ್ರಾಬ್ಲಮ್ ಇಲ್ಲ, ಆದ್ರೂ ಅಂದೆ, ಮುಂದಕ್ಕೆ ಮಾತೇ ಬರ್ಲಿಲ್ಲ. ಅವ್ರು ಕಾದ್ರು. ಪರ್ವಾಗಿಲ್ಲ, ನಿಧಾನವಾಗಿ ಹೇಳಿ, ಕೇಳಿಸ್ಕೋತಿದೀನಿ ಅಂದ್ರು. ಯಾವಾಗಿಂದ ಹೀಗಿದೆ, ನಿದ್ದೆ ಹೇಗಿದೆ, ಊಟ ಹೇಗಿದೆ, ಜೊತೆಗೆ ಯಾರಿದ್ದಾರೆ ಅಂತ ಒಂದೊಂದಾಗಿ ಕೇಳಿದ್ರು. ಕೊನೆಗೆ ಮನೋವೈದ್ಯರನ್ನ ಒಂದು ಸಲ ನೋಡಿ, ಹತ್ತಿರದಲ್ಲಿ ಇಂತಿಂಥ ಕಡೆ ಇದಾರೆ ಅಂತ ಹೇಳಿದ್ರು. ಫೋನಲ್ಲೇ ಎಲ್ಲಾ ವಾಸಿ ಆಗ್ಲಿಲ್ಲ, ಆಗುತ್ತೆ ಅಂತ ಅವ್ರೂ ಹೇಳ್ಲಿಲ್ಲ. ಆದ್ರೆ ಕೆಳಗೆ ಇಳಿದು ಬಂದಾಗ ಮುಂದೆ ಏನ್ ಮಾಡ್ಬೇಕು ಅಂತ ಗೊತ್ತಿತ್ತು.

ಅವ್ರು ಹೇಳಿದ ಹೆಸರುಗಳಲ್ಲಿ ನಿಮ್ಹಾನ್ಸೂ ಇತ್ತು. ಆ ಹೆಸರು ಕೇಳಿದ್ರೇನೇ ಎದೆ ಧಸಕ್ ಅಂತು. ನಮ್ಮ ಕ್ಲಾಸಲ್ಲಿ ಯಾರಾದ್ರೂ ಸ್ವಲ್ಪ ವಿಚಿತ್ರವಾಗಿ ಆಡಿದ್ರೆ ಇವ್ನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ ಅನ್ನೋದೇ ಜೋಕು, ನಾನೂ ನಕ್ಕಿದೀನಿ. ಹಳೇ ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆ, 1974ರಲ್ಲಿ ಈಗಿನ ಹೆಸ್ರು ಬಂತು, ಆದ್ರೂ ಹಳಬರ ಬಾಯಲ್ಲಿ ಇನ್ನೂ ಹುಚ್ಚಾಸ್ಪತ್ರೆನೇ. ಫಿಟ್ಸ್ ಬರೋರು, ಸ್ಟ್ರೋಕ್ ಆದೋರು, ತಲೆಗೆ ಪೆಟ್ಟು ಬಿದ್ದೋರು ಎಲ್ಲಾ ಅಲ್ಲಿಗೇ ಬರ್ತಾರೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಾನು ಹೋಗಿದ್ದು ಪಿಜಿಗೆ ಹತ್ರ ಇದ್ದ ಇನ್ನೊಂದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ವಿಜಯಪುರದೋಳು ರಜಾ ಹಾಕಿ ಜೊತೆಗೆ ಬಂದ್ಲು. ಚೀಟಿ ಮಾಡಿಸಿ ಬೆಂಚ್ ಮೇಲೆ ಕೂತಿದ್ವಿ. ಸಿನಿಮಾದಲ್ಲಿ ತೋರಿಸೋ ಥರ ಯಾರೂ ಕೂದಲು ಕೆದರ್ಕೊಂಡು ಕಿರುಚ್ತಿರ್ಲಿಲ್ಲ. ಒಬ್ಬ ಅಜ್ಜ ನಿದ್ದೆ ಬರಲ್ಲ ಅಂತ ಬಂದಿದ್ರು, ಒಬ್ಳು ಕೂಸು ಎತ್ಕೊಂಡಿದ್ಲು, ಕಾಲೇಜ್ ಹುಡ್ಗ ಒಬ್ಬ ಬ್ಯಾಗು ತೊಡೆ ಮೇಲಿಟ್ಕೊಂಡು ಮೊಬೈಲ್ ನೋಡ್ತಿದ್ದ.

ಡಾಕ್ಟ್ರು ನನಗಿಂತ ಏಳೆಂಟು ವರ್ಷ ದೊಡ್ಡೋರಿರ್ಬೋದು. ನಾನು ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡು ಹೋಗಿದ್ದೆ, ಯಾಕೆ ಹೀಗಾಯ್ತು ಅಂತ ಕೇಳಿದ್ರೆ ಆಫೀಸ್ ಟೆನ್ಶನ್ ಅಂತ ಸುಳ್ಳು ಹೇಳ್ಬಿಡೋಣ ಅಂತ. ಅವ್ರು ಯಾಕೆ ಅಂತ ಕೇಳ್ಲೇ ಇಲ್ಲ. ಹೇಗೆ, ಎಷ್ಟು, ಯಾವಾಗಿಂದ, ಇಷ್ಟೇ. ಹೋದ ಎರಡು ವಾರದಲ್ಲಿ ಎಷ್ಟು ದಿನ ಯಾವುದರಲ್ಲೂ ಆಸಕ್ತಿ ಇರ್ಲಿಲ್ಲ, ಎಷ್ಟು ದಿನ ನಿದ್ದೆ ಕೆಟ್ಟಿತ್ತು, ತಾನು ಕೆಲ್ಸಕ್ಕೆ ಬಾರದೋಳು ಅನ್ಸಿತ್ತು ಅಂತ. ಒಂಬತ್ತು ಪ್ರಶ್ನೆಯ ಪಟ್ಟಿ ಅದು, ಪಿಎಚ್‌ಕ್ಯೂ-9 ಅಂತಾರೆ, ಒಂದೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ, ಒಟ್ಟು 27. ಆತಂಕಕ್ಕೆ ಬೇರೆ ಏಳು ಪ್ರಶ್ನೆ ಇದೆ. ಆ ಹದಿನಾರರಲ್ಲಿ ಒಂದರಲ್ಲೂ ಕಾರಣ ಏನು ಅಂತ ಇಲ್ಲ, ಬೇಕಾದ್ರೆ ನೋಡಿ. ಒಂಬತ್ತನೇದು ಮಾತ್ರ ಕಷ್ಟದ್ದು, ಸತ್ತಿದ್ರೇ ಚೆನ್ನಾಗಿತ್ತು ಅಥವಾ ನಂಗೆ ನಾನೇ ಏನಾದ್ರೂ ಮಾಡ್ಕೋಬೇಕು ಅಂತ ಅನ್ಸಿತ್ತಾ ಅಂತ. ಏನಾದ್ರೂ ಮಾಡ್ಕೋಬೇಕು ಅಂತ ಇರ್ಲಿಲ್ಲ, ಆದ್ರೆ ಬೆಳಗ್ಗೆ ಎಚ್ಚರನೇ ಆಗ್ದಿದ್ರೆ ಅಂತ ಅನ್ಸಿದ್ದಿತ್ತು, ಅದನ್ನ ಹೇಳ್ದೆ. ಅವ್ರು ಗಾಬರಿ ಆಗ್ಲಿಲ್ಲ, ಬೈಯಲಿಲ್ಲ, ಬರ್ಕೊಂಡು ಇನ್ನೂ ನಾಲ್ಕು ಪ್ರಶ್ನೆ ಕೇಳಿದ್ರು. ಬಾಯಿ ಬಿಟ್ಟು ಹೇಳಿದ್ಮೇಲೆ ಆ ಯೋಚನೆಗೆ ಇದ್ದ ಜೋರು ಅರ್ಧ ಕಮ್ಮಿ ಆಯ್ತು.

ಕೊನೆಗೆ ನಾನೇ ಕೇಳ್ದೆ, ಡಾಕ್ಟ್ರೇ ಯಾಕೆ ಬಂತು ಇದು ನಂಗೆ ಅಂತ. ಅವ್ರು ನಕ್ಕು, ಒಂದೇ ಕಾರಣ ಸಿಕ್ಕೋದು ಕಮ್ಮಿ ಅಂದ್ರು. ವಂಶದಲ್ಲಿ ಬರೋದು ಒಂಚೂರು, ದೇಹದ ಸ್ವಭಾವ ಒಂಚೂರು, ಊರು ಬಿಟ್ಟು ಬಂದಿದ್ದು, ನಿದ್ದೆ, ಒಂಟಿತನ, ಹೀಗೆ ಸೇರಿ ಸೇರಿ ಆಗುತ್ತೆ, ಎಷ್ಟೋ ಸಲ ಇಂಥದ್ದೇ ಅಂತ ಬೆರಳು ತೋರಿಸೋಕೆ ಆಗಲ್ಲ, ಅದಕ್ಕೋಸ್ಕರ ಟ್ರೀಟ್‌ಮೆಂಟ್ ಏನೂ ನಿಲ್ಲಲ್ಲ ಅಂದ್ರು. ವಯಸ್ಸೂ ಒಂದು ಲೆಕ್ಕ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಸರ್ವೆ ಪ್ರಕಾರ ಜೀವನದಲ್ಲಿ ಬರೋ ಮಾನಸಿಕ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು 24ನೇ ವಯಸ್ಸಿನೊಳಗೇ ಶುರುವಾಗಿರುತ್ತಂತೆ. ನಾವು ಅದನ್ನ ವಯಸ್ಸಿನ ಮಂಗಾಟ, ಮೊಬೈಲ್ ಚಟ ಅಂತ ತಳ್ಳಿಹಾಕ್ತೀವಿ. ನಮ್ಮ ದೇಶದ್ದೇ ಬೇಕು ಅಂದ್ರೆ 2015-16ರಲ್ಲಿ ನಿಮ್ಹಾನ್ಸ್‌ನವ್ರು ಮಾಡಿದ ರಾಷ್ಟ್ರೀಯ ಸರ್ವೆ ಇದೆ, ದೊಡ್ಡೋರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಜಾಸ್ತಿ ಜನಕ್ಕೆ ಏನಾದ್ರೊಂದು ಮಾನಸಿಕ ಕಾಯಿಲೆ, ಅದ್ರಲ್ಲಿ ಚಿಕಿತ್ಸೆ ಸಿಗದೇ ಇರೋರು ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92. ಬೆಂಗಳೂರಲ್ಲಿ ಕೂತು ಮಾಡಿದ ಆ ಸರ್ವೆಯ 12 ರಾಜ್ಯದಲ್ಲಿ ಕರ್ನಾಟಕವೇ ಇರ್ಲಿಲ್ಲ, ಅದು ಬೇರೆ ತಮಾಷೆ.

ಮನೇಲಿ ಯಾರಿಗಾದ್ರೂ ಹೀಗಿತ್ತಾ ಅಂತ ಕೇಳಿದ್ದಕ್ಕೆ ಇಲ್ಲ ಅಂದಿದ್ದೆ. ಆ ರಾತ್ರಿ ಅಮ್ಮಂಗೆ ಫೋನಲ್ಲಿ ಅದನ್ನೇ ಕೇಳ್ದೆ. ಸುಮಾರು ಹೊತ್ತು ಸುಮ್ನಿದ್ಲು. ಆಮೇಲೆ ನಮ್ಮಪ್ಪನ ಚಿಕ್ಕಮ್ಮ ಒಬ್ರಿದ್ರು, ಹಿಂದಿನ ಕೋಣೇಲೇ ಮಲ್ಗಿರ್ತಿದ್ರು, ತಿಂಗಳುಗಟ್ಲೆ ಯಾರ ಜೊತೆನೂ ಮಾತಾಡ್ತಿರ್ಲಿಲ್ಲ, ಆಮೇಲೆ ತಾನಾಗೇ ಎದ್ದು ಬಂದು ಅಡುಗೆ ಮಾಡೋಕೆ ಶುರು ಮಾಡ್ತಿದ್ರು, ಗಾಳಿ ಸೋಕಿದೆ ಅಂತಿದ್ರು ಎಲ್ರೂ ಅಂದ್ಲು. ನಾನು ಅವ್ರನ್ನ ನೋಡಿಲ್ಲ, ಮನೇಲಿ ಅವ್ರದ್ದು ಒಂದು ಫೋಟೋನೂ ಇಲ್ಲ. ಅವ್ರಿಗಿದ್ದಿದ್ದೇ ನಂಗೂ ಬಂತು ಅಂತ ನಾನು ಹೇಳಲ್ಲ, ಹಾಗೆ ಹೇಳೋಕೆ ಬರಲ್ಲ. ಆದ್ರೆ ಅವ್ರನ್ನ ಯಾರಾದ್ರೂ ಒಂದು ಆಸ್ಪತ್ರೆ ಬೆಂಚ್ ಮೇಲೆ ಕೂರಿಸಿದ್ರಾ ಅಂತ ಆಗಾಗ ಯೋಚ್ನೆ ಬರುತ್ತೆ.

ಮಾತ್ರೆ ವಿಷಯ. ಡಿಪ್ರೆಶನ್ನಿಗೆ, ಆತಂಕಕ್ಕೆ ಕೊಡೋ ಎಸ್‌ಎಸ್‌ಆರ್‌ಐ ಅನ್ನೋ ಗುಂಪಿನದು ಕೊಟ್ರು. ಇದನ್ನ ತಗೊಂಡ್ರೆ ಅಭ್ಯಾಸ ಆಗೋಗುತ್ತೆ, ಮಂಕಾಗ್ತೀಯ, ಮಕ್ಕಳಾಗಲ್ಲ ಅಂತ ನಮ್ಮ ದೊಡ್ಡಮ್ಮನ ಬಳಗದಲ್ಲಿ ಎಲ್ರೂ ಡಾಕ್ಟ್ರೇ. ನಂಗೆ ಆಗಿದ್ದು ಹೇಳ್ತೀನಿ. ಮೊದಲ ಕೆಲವು ದಿನ ವಾಕರಿಕೆ, ಬಾಯಿ ಒಣಗೋದು, ಸುಮ್ಸುಮ್ನೆ ಆಕಳಿಕೆ. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ, ಕೆಲವ್ರಿಗೆ ಇನ್ನೂ ಜಾಸ್ತಿ ಹಿಡಿಯುತ್ತೆ ಅಂತ ಮೊದ್ಲೇ ಹೇಳಿದ್ರು, ಇದನ್ನ ಹೇಳ್ದೇ ಕೊಟ್ರೆ ಜನ ಮೊದಲ ವಾರದಲ್ಲೇ ಬಿಟ್ಬಿಡ್ತಾರೆ. ಇನ್ನೊಂದು ಮಾತು ಒತ್ತಿ ಹೇಳಿದ್ರು, 25ರ ಒಳಗಿನವ್ರಲ್ಲಿ ಶುರುವಿನ ದಿನಗಳಲ್ಲಿ ಕೆಲವ್ರಿಗೆ ಚಡಪಡಿಕೆ, ಸಾಯೋ ಯೋಚನೆ ಜಾಸ್ತಿ ಆಗೋ ಸಾಧ್ಯತೆ ಇದೆ, ಹಾಗೇನಾದ್ರೂ ಆದ್ರೆ ಮುಂದಿನ ಡೇಟ್ ಕಾಯ್ದೇ ತಕ್ಷಣ ಬನ್ನಿ ಅಂತ, ಅದನ್ನ ನಂಗಷ್ಟೇ ಅಲ್ಲ ರೂಮ್‌ಮೇಟ್‌ಗೂ ಹೇಳಿದ್ರು. ಅವ್ಳು ಅದನ್ನ ಎಷ್ಟು ಸೀರಿಯಸ್ಸಾಗಿ ತಗೊಂಡ್ಲು ಅಂದ್ರೆ ನಾನು ಬಾತ್‌ರೂಮಲ್ಲಿ ಸ್ವಲ್ಪ ಹೊತ್ತಾದ್ರೂ ಬಾಗಿಲು ಬಡೀತಿದ್ಲು. ಚೆನ್ನಾಗಾದೆ ಅನ್ಸಿದ್ಮೇಲೂ ತಿಂಗಳುಗಟ್ಲೆ ಮುಂದುವರಿಸ್ಬೇಕು, ನಿಲ್ಲಿಸೋವಾಗ ಡಾಕ್ಟ್ರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸ್ಕೊಂಡು ಬರ್ಬೇಕು, ನೀವೇ ಧಿಡೀರ್ ಅಂತ ಬಿಟ್ರೆ ತಲೆ ತಿರುಗೋದು ಅದೂ ಇದೂ ಶುರುವಾಗುತ್ತೆ. ನಂಗೆ ಒಂದು ಬೆಳಗ್ಗೆ ಎಚ್ಚರ ಆದಾಗ ಆಗ್ಲೇ ಬೆಳಕಾಗಿತ್ತು, ಕೆಳಗಡೆ ಹಾಲಿನವ್ನು ಯಾರ ಜೊತೆನೋ ಚಿಲ್ಲರೆಗೆ ಜಗಳ ಆಡ್ತಿದ್ದ. ನಾಲ್ಕು ಗಂಟೆ ಗೊತ್ತಾಗ್ದೇ ಕಳೆದುಹೋಗಿತ್ತು.

ಮಾತ್ರೆ ಜೊತೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರಾನೂ ಕಳ್ಸಿದ್ರು. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಓದಿ ಆಮೇಲೆ ಇದ್ರಲ್ಲಿ ಸ್ಪೆಷಲೈಸ್ ಮಾಡಿದ ಡಾಕ್ಟ್ರು, ಮಾತ್ರೆ ಬರೆಯೋರು ಅವ್ರು. ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಮಾಡೋರು, ಕ್ಲಿನಿಕಲ್ ಅಂತ ಬೋರ್ಡ್ ಹಾಕ್ಕೊಂಡಿದ್ರೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯಾ ಅಂತ ಕೇಳೋದ್ರಲ್ಲಿ ತಪ್ಪಿಲ್ಲ, ಯಾಕಂದ್ರೆ ವೀಕೆಂಡ್ ಕೋರ್ಸ್ ಮಾಡಿ ರೀಲ್ಸಲ್ಲಿ ಹೀಲರ್ ಅಂತ ಕೂತಿರೋರು ಈಗ ಬೇಕಾದಷ್ಟು ಜನ. ನಾನು ಅಲ್ಲಿ ಬಾಲ್ಯದ ಗಾಯಗಳನ್ನೆಲ್ಲ ಕೆದಕ್ತಾರೆ, ಅಳಿಸ್ತಾರೆ ಅಂತ ಅನ್ಕೊಂಡು ಹೋಗಿದ್ದೆ. ಅವ್ರು ಕೊಟ್ಟಿದ್ದು ಒಂದು ಖಾಲಿ ಟೈಮ್ ಟೇಬಲ್. ದಿನದ ಒಂದೊಂದು ಗಂಟೆ ಏನ್ ಮಾಡಿದ್ರಿ, ಅದ್ರಿಂದ ಎಷ್ಟು ಖುಷಿ ಆಯ್ತು ಹತ್ತಕ್ಕೆ ಎಷ್ಟು ಅಂತ ಬರ್ಕೊಂಡು ಬನ್ನಿ. ಸೊನ್ನೆ, ಒಂದು, ಸೊನ್ನೆ, ಸೊನ್ನೆ ಅಂತ ತುಂಬಿಸ್ಕೊಂಡು ಹೋದೆ, ಅದ್ರಲ್ಲಿ ಒಂದು ಕಡೆ ಮಾತ್ರ ನಾಲ್ಕು ಇತ್ತು, ಟೆರೇಸಲ್ಲಿ ಪಿಜಿ ಆಂಟಿಯ ತುಳಸಿ ಗಿಡಕ್ಕೆ ನೀರು ಹಾಕಿದ್ದು. ಹಾಗಾದ್ರೆ ದಿನಾ ನೀರು ಹಾಕಿ, ಮನಸ್ಸು ಬರ್ಲಿ ಬಿಡ್ಲಿ ಅಂದ್ರು. ಮನಸ್ಸು ಬಂದ್ಮೇಲೆ ಮಾಡೋಣ ಅಂತ ಕಾಯೋದಲ್ಲ, ಮಾಡ್ತಾ ಇದ್ರೆ ಮನಸ್ಸು ಹಿಂದಿಂದ ಬರುತ್ತೆ ಅನ್ನೋದು ಆ ಪದ್ಧತಿ. ಕೇಳೋಕೆ ಎಷ್ಟು ಚಿಲ್ಲರೆ ಅನ್ಸುತ್ತೆ ಅಲ್ವಾ, ನಂಗೂ ಸಿಟ್ಟು ಬಂದಿತ್ತು, ಇದಕ್ಕೆ ಒಂದು ಗಂಟೆ ಕಾದೆನಾ ಅಂತ. ಆದ್ರೆ ಕೆಲ್ಸ ಮಾಡ್ತು, ನಿಧಾನವಾಗಿ.

ಅಪ್ಪಂಗೆ ಹೇಳಿದ್ದು ಸುಮಾರು ದಿನ ಆದ್ಮೇಲೆ. ತೋಟದಲ್ಲಿ ಕಾಯಿ ಎಣಿಸ್ತಾ ಇದ್ರು. ಮಾತ್ರೆ ಸ್ಟ್ರಿಪ್ ಇಸ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ಎಷ್ಟು ಇದ್ರ ರೇಟು ಅಂದ್ರು. ಸರ್ಕಾರಿ ಆಸ್ಪತ್ರೇಲಿ ಕೊಟ್ಟಿದ್ದು ಅಪ್ಪಾ, ದುಡ್ಡಿಲ್ಲ ಅಂದೆ. ಸರಿ ತಪ್ಪಿಸ್ಬೇಡ ಅಂದು ಮತ್ತೆ ಒಂದರಿಂದ ಎಣಿಸೋಕೆ ಶುರು ಮಾಡಿದ್ರು, ಲೆಕ್ಕ ತಪ್ಪೋಗಿತ್ತು. ದೊಡ್ಡಮ್ಮಂಗೆ ಹೇಳ್ಬೇಡ, ಸಂಬಂಧ ನೋಡೋವಾಗ ತೊಂದ್ರೆ ಆಗುತ್ತೆ ಅಂತ ಅಮ್ಮ ಅಂದ್ಲು. ಅದಕ್ಕೆ ಈಗ್ಲೂ ನಮ್ಮಿಬ್ರಿಗೂ ಜಗಳ ಇದೆ. ಮುಚ್ಚಿಟ್ಟು ಮದುವೆ ಆಗಲ್ಲ ಅಂತ ನಾನು, ಮೊದ್ಲು ಹುಡುಗ ಸಿಗ್ಲಿ ಆಮೇಲೆ ನೋಡೋಣ ಅಂತ ಅವ್ಳು. ಶನಿವಾರದ ಎಳ್ಳೆಣ್ಣೆ ದೀಪನೂ ನಡೀತಿದೆ, ಇರ್ಲಿ ಬಿಡಿ, ಅವ್ಳಿಗೂ ಏನಾದ್ರೂ ಮಾಡ್ಬೇಕಲ್ಲ.

ಈಗ ಚೆನ್ನಾಗಿದೀನಾ ಅಂದ್ರೆ ಬಹುಪಾಲು ದಿನ ಚೆನ್ನಾಗಿದೀನಿ. ಕೆಲವು ಬೆಳಗ್ಗೆ ಮತ್ತೆ ಅದೇ ಸಂಕಟ ಬರುತ್ತೆ. ಈಗ ಯಾಕೆ ಅಂತ ಕೂತು ಹುಡುಕಲ್ಲ, ಎದ್ದು ಟೆರೇಸಿಗೆ ಹೋಗ್ತೀನಿ, ಎರಡು ವಾರ ಹಾಗೇ ಇದ್ರೆ ಡಾಕ್ಟ್ರಿಗೆ ಹೇಳ್ತೀನಿ.

ಹೋದ ವಾರ ನಮ್ಮ ಮಾವನ ಮಗ ಫೋನ್ ಮಾಡಿದ್ದ, ಊರಲ್ಲೇ ಇದ್ದು ಡಿಗ್ರಿ ಮಾಡ್ತಿದಾನೆ. ಸುಮ್ನೆ ಮಾಡ್ದೆ ಅಕ್ಕ ಅಂದ. ಕ್ರಿಕೆಟ್ಟು, ಮಳೆ, ಕೊಬ್ರಿ ರೇಟು ಎಲ್ಲಾ ಆಯ್ತು, ಫೋನ್ ಇಡ್ತಾನೇ ಇಲ್ಲ. ನಿದ್ದೆ ಹೇಗ್ ಬರ್ತಿದೆ ನಿಂಗೆ ಅಂತ ಕೇಳ್ದೆ. ಸುಮ್ನಾದ. ಆಮೇಲೆ ಒಂದು ಗಂಟೆ ಮಾತಾಡ್ದ. ನಡುವೆ ನಾಲ್ಕು ಸಲನಾದ್ರೂ ಮನೇಲಿ ಏನೂ ತೊಂದ್ರೆ ಇಲ್ಲ ಅಕ್ಕ, ಎಲ್ಲಾ ಚೆನ್ನಾಗಿದೆ, ಅದೇ ಗೊತ್ತಾಗ್ತಿಲ್ಲ ಅಂದ. ಬೆಂಗಳೂರಿಗೆ ಬಾ ಅಂದ್ರೆ ಅಪ್ಪಂಗೆ ಏನ್ ಹೇಳ್ಲಿ ಅಂತಾನೆ. ಮನೋಚೈತನ್ಯ ಅಂತ ಒಂದು ಸರ್ಕಾರಿ ಕಾರ್ಯಕ್ರಮ ಇದೆ, ಅದ್ರಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಮಾಡಿದ್ರು, ನಮ್ಮ ಕಡೆ ಈಗ ಯಾವ ದಿನ ಬರ್ತಾರೆ ಆಸ್ಪತ್ರೇಲೇ ಕೇಳ್ಕೋ, ಇಲ್ಲಾ 14416ಕ್ಕೆ ಫೋನ್ ಮಾಡಿ ಕೇಳು ಅಂದೆ. ಅಲ್ಲಿ ಯಾಕೆ ಬಂದೆ ಅಂದ್ರೆ ಏನ್ ಹೇಳೋದು ಅಂದ. ನಿದ್ದೆ ಬರಲ್ಲ ಅನ್ನು ಸಾಕು, ಮಿಕ್ಕಿದ್ದು ಅವ್ರೇ ಕೇಳ್ತಾರೆ ಅಂದೆ.

ನಾಡಿದ್ದು ಹೋಗ್ತೀನಿ ಅಂದಿದಾನೆ. ಇನ್ನೂ ಹೋಗಿಲ್ಲ, ಇವತ್ತು ಸಂಜೆ ಮತ್ತೆ ಫೋನ್ ಮಾಡ್ಬೇಕು.